ಕೊಳೆಯುವ ನೂಲು

ಪೋಲೆಂಡಿನ ವೂಜ್ ನಗರ, ನಾಲ್ಕನೆಯ ಮಹಡಿ

ಮೊದಲು ತೋಳು ಮಡಚು, ಕಲೀನಾ.
ಉಂಗುರ ತೆಗೆದಿಡು. ಸೋಪು ಬೇಡ, ಬರೀ ನೀರಲ್ಲಿ ಕೈ ತೊಳೆ.
ಇವನು ಡೈರೆಕ್ಟರ್.
ನಮ್ಮ ಗಿರಣಿಯಲ್ಲೂ ಒಬ್ಬನಿದ್ದ, ಇಂಥದೇ ದವಡೆ,
ಯಂತ್ರಗಳ ಸಾಲಿನ ನಡುವೆ ನಿಧಾನ ಈಜುತ್ತ
ಕಂಡ ಕಂಡ ಎಳೆಯನ್ನು ಜಗ್ಗಿ ನೋಡುತ್ತಿದ್ದ.
ಗಿರಣಿ ಮುಚ್ಚಿತು. ಹೆಸರು ಮಿಕ್ಕಿತ್ತು, ಮೀನಿಗೆ ಕೊಟ್ಟೆ.

ಬಯ್ಯಬೇಡ, ಕೆಟ್ಟವನಲ್ಲ.
ಕೈಯಿಲ್ಲದವನಿಗೆ ಬಾಯೇ ಕೈ,
ಬಾಯೇ ಪ್ರಶ್ನೆ.
ನಿನ್ನ ತಮ್ಮ ಹಲ್ಲು ಬರುವ ಮುಂಚೆ
ನನ್ನ ಮನೆಯ ಬೀಗದ ಕೈ ಚೀಪಿ ನೋಡಲಿಲ್ಲವೇ?

ಮರಳಲ್ಲಿ ಏನು ನೆಟ್ಟರೂ ಬೆಳಗಾಗುವಷ್ಟರಲ್ಲಿ
ಬುಡಮೇಲಾಗಿ ತೇಲುತ್ತಿತ್ತು.
ಹನ್ನೊಂದು ಗಿಡ. ಲೆಕ್ಕ ಇಟ್ಟಿದ್ದೇನೆ,
ಪಿಂಚಣಿ ಪುಸ್ತಕದ ಹಿಂದಿನ ಪುಟದಲ್ಲಿ.

ಬಾವೂತಿ ಸಂತೆಯ ಮೀನಿನವ ಹೇಳಿದ:
ಅನೂಬಿಯಸ್ ಒಯ್ಯಿರಿ, ಅಜ್ಜಿ, ಇದಕ್ಕೆ ಮಣ್ಣು ಬೇಡ.
ಹೂತರೆ ಸಾಯುತ್ತದೆ, ಕಲ್ಲಿಗೆ ಕಟ್ಟಿದರೆ ಬದುಕುತ್ತದೆ.
ನೋಡು, ಶುಂಠಿಯ ಹಾಗೆ ಅಡ್ಡ ಮಲಗಿದೆಯಲ್ಲ,
ಅದರ ಜೀವ ಅಲ್ಲಿ.

ಕಟ್ಟಿದೆ. ನೈಲಾನಿನಿಂದ.
ಮೂವತ್ತೊಂದು ವರ್ಷ ನೂಲು ಸುತ್ತಿದವಳು
ಗಾಳದ ದಾರದಿಂದ ಕಟ್ಟಿದೆ,
ಕೈಗೆ ಸಿಕ್ಕಿತೆಂದು,
ಹರಿಯುವುದಿಲ್ಲವೆಂದು,
ಕಾಣುವುದಿಲ್ಲವೆಂದು.

ನಾಲ್ಕನೇ ರಾತ್ರಿ ನೀರು ಬಡಿಯುವ ಸದ್ದು.
ಸಡಿಲಾದ ಕುಣಿಕೆಯೊಳಗೆ ಅವನ ಕಿವಿರು,
ಕಲ್ಲನ್ನೇ ಎಳೆದುಕೊಂಡು ಗಾಜಿನಿಂದ ಗಾಜಿಗೆ.
ಕಸೂತಿ ಕತ್ತರಿ ಹಿಡಿದು ಭುಜದವರೆಗೆ ಕೈ ಇಳಿಸಿದೆ.
ರಾತ್ರಿಯಂಗಿಯ ತೋಳಿನಿಂದ ನೆಲವೆಲ್ಲ ನೀರು.
ಕೆಳಮನೆಯ ಝೆನೊನ್ ಕೋಲಿನಿಂದ ಛಾವಣಿ ಕುಟ್ಟಿದ.
ಕುಟ್ಟಲಿ.
ಒಮ್ಮೆ, ಒಂದೇ ಒಮ್ಮೆ, ಇವನು ಅಲುಗದೆ ನಿಂತ.
ಅಂಗೈಯಲ್ಲಿ ಬಡಿದದ್ದು ಅವನ ಎದೆಯೋ ನನ್ನದೋ.
ಕತ್ತರಿಸಿದೆ.
ಆ ಗೆರೆ ಇನ್ನೂ ಇದೆ, ಎಡಗಡೆ, ತಿರುಗಿದಾಗ ನೋಡು.

ಈ ಉಂಡೆ ತೆಗೆದುಕೋ. ಹತ್ತಿ, ಕಡುಹಸಿರು.
ಕೊನೆಯ ಸಂಬಳದ ದಿನ
ನನ್ನ ಕೋಟಿನ ಜೇಬಿನಲ್ಲಿ ತಾನಾಗಿ ಬಂದದ್ದು,
ಯಾರಿಗೂ ಹೇಳಬೇಡ.
ಕುದಿಸಿದ್ದೇನೆ, ಬಣ್ಣ ಬಿಡುವುದಿಲ್ಲ.
ಎರಡು ಸುತ್ತು, ಅಡ್ಡಕ್ಕೊಂದು. ಚಿಗುರಿನ ಮೇಲೆ ಬೇಡ.
ಜಡೆ ಹೆಣೆಯುವಷ್ಟು ಬಿಗಿ, ಮೂಗುದಾರದಷ್ಟಲ್ಲ.
ಗಂಟು ಕಲ್ಲಿನ ಅಡಿಗೆ ಹೋಗಲಿ.
ತುದಿ ಕತ್ತರಿಸು. ಇನ್ನೂ. ಇನ್ನೂ ಹತ್ತಿರ.
ಅವನ ತುಟಿಗೆ ಸಿಗುವಷ್ಟು ಎಳೆಯೂ ಉಳಿಯಬಾರದು.

ಅಂಟು ಹಾಕಿದರೆ ಆಗದೇ ಅನ್ನುತ್ತೀ.
ಆಗುತ್ತದೆ, ಸಂತೆಯವನೇ ಮಾರುತ್ತಾನೆ.
ನನಗೆ ಗಂಟು ಗೊತ್ತು, ಅಂಟು ಗೊತ್ತಿಲ್ಲ.

ಗಿರಣಿಯಲ್ಲಿ ಕಲಿಸಿದ್ದು ಹರಿಯದ ನೂಲು.
ಹರಿದರೆ ದಂಡ.
ಕೊಳೆಯುವುದೂ ನೂಲಿನ ಒಂದು ಗುಣವೆಂದು
ಅಲ್ಲಿ ಯಾರೂ ಹೇಳಲಿಲ್ಲ.
ಆರೇಳು ವಾರ, ಬೇರು ಕುರುಡನ ಬೆರಳಿನ ಹಾಗೆ
ಕಲ್ಲನ್ನು ತಡಕಿ ತಡಕಿ ಹಿಡಿಯುವವರೆಗೆ
ಹತ್ತಿ ಕಾಯುತ್ತದೆ. ಆಮೇಲೆ ಬಿಡುತ್ತದೆ.

ಹೋದ ಚಳಿಗಾಲ, ಟ್ರಾಮಿನ ತಂತಿಯ ಮೇಲೆ ಹಿಮ ಕೂತಿದ್ದ ದಿನ,
ಇವನು ದೊಡ್ಡ ಎಲೆ ಕಚ್ಚಿ ಇಡೀ ಮೈಯಿಂದ ಜಗ್ಗಿದ.
ಗಿಡ ಬರಲಿಲ್ಲ.
ಬಂದದ್ದು ಬೆರಳುದ್ದದ ಹಸಿರು ನೂಲು,
ಬೆಂದ ಶಾವಿಗೆಯಷ್ಟು ಮೆತ್ತಗೆ.
ಅದನ್ನು ಬಾಯಲ್ಲಿ ಹಿಡಿದು ಗಾಜಿಗೆ ಬಂದು
ನೆಟ್ಟಗೆ ನನ್ನನ್ನೇ ನೋಡಿದ,
ಥೇಟ್ ಆ ಹಳೆಯ ಡೈರೆಕ್ಟರ್, ತಪ್ಪು ಸಿಕ್ಕಿದ ಮುಖ.
ನಾನು ಎದ್ದು ನಿಂತೆ.
ನಿಂತೇಬಿಟ್ಟೆ, ಕಲೀನಾ, ಕೈ ಬೆನ್ನ ಹಿಂದೆ.

ಆಮೇಲೆ ನಗು ಬಂತು.
ಉಗುಳು ಅಂದೆ, ಉಗುಳಿದ.

ಹೂಂ, ನಿನ್ನ ಬೆರಳು ಇಲ್ಲಿಡು,
ಗಂಟು ಹಾಕುತ್ತೇನೆ.