ತೆನೆ ಹಬ್ಬದ ಪೋಸ್ಟು

ಕಲ್ಯಾಣಪುರದ ಇಗರ್ಜಿಯಂಗಳ. ಸೆಪ್ಟೆಂಬರ್ ಎಂಟು.
ಮಳೆ ಸ್ವಲ್ಪ ಹೊಳವಾದ ಹೊತ್ತಿಗೆ
ಎಲ್ವಿಟಾ ತನ್ನ ಬುಟ್ಟಿಯ ಹೂವನ್ನೆಲ್ಲ
ಬಾಲ ಮರಿಯಮ್ಮನ ಮುಂದೆ ಸುರಿದುಬಿಟ್ಟಳು:
ಗೋರಟೆ, ಕಣಗಿಲೆ, ಆಚೆಮನೆ ಗುಲಾಬಿಯಕ್ಕ ಕೊಟ್ಟ ರತ್ನಗಂಧಿ.
ನಾನು ಫೋನಿನ ಬೀಗ ತೆಗೆಯುವಷ್ಟರಲ್ಲಿ
ಎಲ್ಲ ಮುಗಿದಿತ್ತು.

"ಇನ್ನೊಮ್ಮೆ ಹಾಕು ಬಾಯೆ, ಸಿಕ್ಕಲಿಲ್ಲ."
ಅವಳು ಬುಟ್ಟಿ ಬೋರಲು ಮಾಡಿ ತೋರಿಸಿದಳು.
ಹಿಂದೆ ಮಕ್ಕಳ ಸಾಲು. ನಾನು ಮೊಣಕಾಲೂರಿ
ನೆಲದಿಂದ ಒಂದು ಹಿಡಿ ಹೆಕ್ಕಿ
ಅವಳ ಮುಷ್ಟಿಗೆ ತುರುಕಿದೆ.
ಕೊಟ್ಟದ್ದನ್ನೇ ಕದ್ದು ಮತ್ತೆ ಕೊಟ್ಟದ್ದು.
ಯಾರೂ ನೋಡಲಿಲ್ಲ,
ಮರಿಯಮ್ಮನನ್ನು ಬಿಟ್ಟರೆ. ಮತ್ತೆ ಸಿಸ್ಟರ್ ಬೆನಿಟಾ.
ಮರಿಯಮ್ಮ ಏನೂ ಹೇಳಲಿಲ್ಲ.
ಸಿಸ್ಟರ್ ಹತ್ತಿರ ಬಂದು, "ಚಂದ ಬಂತಾ?
ನಂಗೂ ಕಳಿಸು ಮಾರಾಯ್ತಿ" ಅಂದರು.

ಬಂದಿತ್ತು. ಕೊಡೆಯ ಮುರಿದ ಕಡ್ಡಿಯನ್ನು ಅಂಚಿನಲ್ಲಿ ಕತ್ತರಿಸಿದೆ.
ಮೋಡಕ್ಕೆ ಬಂಗಾರ ಬಳಿದೆ,
ಜಾಸ್ತಿಯಾಯಿತು ಅನಿಸಿ ಅರ್ಧ ಒರೆಸಿದೆ.

ಇದಕ್ಕೆ ಕುಮ್ಸಾರಿನಲ್ಲಿ ಏನು ಹೆಸರೋ ಗೊತ್ತಿಲ್ಲ.
ಹೊಟ್ಟೆಕಿಚ್ಚಿಗೆ ಉಂಟು, ಸುಳ್ಳಿಗೆ ಉಂಟು.
ಕಳೆದ ತಪಸ್ಸುಕಾಲದಲ್ಲಿ ಮೀನು ಬಿಟ್ಟೆ, ಇನ್‌ಸ್ಟಾಗ್ರಾಮೂ ಬಿಟ್ಟೆ.
ಬೂತಾಯಿಯ ಆಸೆ ನಾಲ್ಕು ದಿನಕ್ಕೆ ತಣಿಯಿತು.
ಹೆಬ್ಬೆರಳು ಮಾತ್ರ ತೇರ್ಸಿನ ಮಣಿಯನ್ನೂ
ಮೇಲಕ್ಕೆ ತಳ್ಳುತ್ತಿತ್ತು.

ವಾಲ್ಟರ್ ಇರುವುದು ಎಣ್ಣೆ ಹಡಗಿನಲ್ಲಿ.
ಬಂದರು ಮುಟ್ಟಿದಾಗ ನೆಟ್ಟು. ಎರಡು ವಾರದ ಮಕ್ಕಳನ್ನು
ಒಂದೇ ರಾತ್ರಿ ನೋಡುತ್ತಾನೆ,
ಸಾಲಾಗಿ ಹೃದಯ ಒತ್ತುತ್ತಾ ಬರುತ್ತಾನೆ.
ಊರಿನವರ ಮುನ್ನೂರು ಹೃದಯ
ಅವನದ್ದು ಬರುವವರೆಗೆ ಹೊತ್ತು ಕಳೆಯಲಿಕ್ಕೆ.
ಹಾಗಂತ ನಾನು ಹೇಳಿಕೊಳ್ಳುವುದು.

ಮನೆಯಲ್ಲಿ ಏಳು ಬಗೆ. ಹರಿವೆ ದಂಟು, ಹೀರೆ, ಕೆಸು,
ಅಂಬಡೆ ಹಾಕಿದ ಬೆಂಡೆ.
ತೆನೆ ಸುಲಿಯುವುದು ಗಂಡಸಿನ ಕೆಲಸ, ಅವನಿಲ್ಲದ್ದಕ್ಕೆ
ಮಾಂಯ್ ಸುಲಿದರು, ಉಗುರಿನಲ್ಲಿ, ಒಂದೊಂದೇ.
"ನಿಲ್ಲಿ, ಒಂದು ಫೋಟೋ."
ಎಲ್ಲರ ಕೈ ಎಲೆಯ ಮೇಲೆ ಗಾಳಿಯಲ್ಲಿ ನಿಂತಿತು,
ಪಾಯಸಕ್ಕೆ ಕೆನೆ ಕಟ್ಟುವವರೆಗೆ.

ಮಧ್ಯಾಹ್ನ ಮಾಂಯ್ ಕೇಳಿದರು, "ಪೋಸ್ಟ್ ಮಾಡಿದ್ಯಾ?"
ನನಗೆ ಖುಷಿ. ಕೊನೆಗೂ ಕೇಳಿದರಲ್ಲ.
"ಆಗಲೇ ಮಾಡಿದೆ. ಮುನ್ನೂರ ಹನ್ನೆರಡು ಜನ ನೋಡಿಯಾಯ್ತು."
"ಅಷ್ಟು ಜನ ಯಾಕೆ ನೋಡುದು?
ಇದ್ದದ್ದೇ ಏಳು ಕಾಳು."

ಅಂಗೈ ಬಿಡಿಸಿದರು. ಆಗಸ್ಟ್ ತಿಂಗಳ ಕ್ಯಾಲೆಂಡರಿನ ಚೂರು,
ಅದರೊಳಗೆ ವಾಲ್ಟರನ ಪಾಲು.
ಮಾವ ಬೊಂಬಾಯಿಯ ಬೇಕರಿಯಲ್ಲಿದ್ದ ಹದಿನೆಂಟು ವರ್ಷ
ಹೊಸ ತೆನೆ ಲಕೋಟೆಯಲ್ಲಿ ಹೋಗುತ್ತಿತ್ತಂತೆ.
ಚಹಾಕ್ಕೆ ಹಾಕಿ ಕುಡಿದು ಬರೆಯುತ್ತಿದ್ದರಂತೆ:
ಠಸ್ಸೆ ಬಿದ್ದು ಎರಡು ಪುಡಿಯಾಗಿತ್ತು,
ಪುಡಿಯನ್ನೂ ತಿಂದೆ.

"ಹಡಗಿಗೆ ಪಿನ್‌ಕೋಡ್ ಇಲ್ಲ ಮಾಂಯ್."
"ಹಾಗಾದರೆ ಕಳೆಯದ ಹಾಗೆ ಇಡು."
ಕಳೆಯದ ಜಾಗ ನನಗೆ ಗೊತ್ತಿರುವುದು ಒಂದೇ.
ಫೋನಿನ ಹಿಂದಿನ ಕವರು ಬಿಡಿಸಿ
ಕಾಳುಗಳನ್ನು ಸಾಲಾಗಿಟ್ಟು ಮುಚ್ಚಿದೆ.

ಮೂರನೇ ರಾತ್ರಿ, ತೇರ್ಸು ಮುಗಿದು
ಮಕ್ಕಳು ಬೆಸಾಂವ್ ಬೇಡಿ ಮಲಗಿದ ಮೇಲೆ
ಅವನ ಹೃದಯ ಬಂತು. ಕೆಳಗೆ ಒಂದು ಸಾಲು:
ಹೂ ಹಾಕುವಾಗ ಎಲ್ವಿಟಾ ಯಾರನ್ನು ನೋಡ್ತಾ ಇದ್ದಾಳೆ?

ಬಿಸಿಲಿತ್ತು ಅಂತ ಬರೆದೆ. ಅಳಿಸಿದೆ.
ಹಿಂದೆ ಸಾಲಿತ್ತು ಅಂತ ಬರೆದೆ.
ಬೆರಳಿಗೆ ಬೆನ್ನಿನ ಉಬ್ಬುಗಳು ತಾಗಿದವು.
ಕವರು ತೆಗೆದು ಎಣಿಸಿದೆ. ಆರು.

ಸೆರಗು ಕೊಡವಿದೆ. ದಿಂಬು ಎತ್ತಿದೆ.
ಅದೇ ಫೋನಿನ ಟಾರ್ಚು ಹಾಕಿ
ಮಂಚದಡಿ ಮೊಣಕಾಲೂರಿ ಹುಡುಕುತ್ತಿದ್ದೇನೆ.
ಅವನು ಇನ್ನೂ ಅಲ್ಲೇ ಇದ್ದಾನೆ,
ಹಸಿರು ಚುಕ್ಕಿ.