ನಾಲ್ಕು ತಕ್ಕಡಿ

ರಾತ್ರಿ ಎರಡಕ್ಕೆದ್ದು ಹಿಟ್ಟು ತೂಗುವ ಕೈ ನನ್ನದು.
ಚಿಟಿಕೆ ಉಪ್ಪು ಹೆಚ್ಚಾದರೂ
ಹೋಲಿಹೆಡ್ಡಿನ ಇಡೀ ಬಂದರು ಬೆಳಿಗ್ಗೆ ದೂರುತ್ತದೆ.

ಅಣ್ಣ ಇಯೋಲೊನ ಬೆನ್ನು ಬಗ್ಗದಾಯಿತು.
ಸೊಂಟದೆತ್ತರವೂ ಇಲ್ಲದ ಆ ಕಾರಿನೊಳಗೆ
ಇಳಿಸಲು ಒಬ್ಬರು, ಎಳೆದು ತೆಗೆಯಲು ಇಬ್ಬರು.
ಒಂದು ದಿನ ಬೀಗದಕೈ ನನ್ನ ಗಲ್ಲಾಪೆಟ್ಟಿಗೆಯ ಮೇಲಿಟ್ಟ:
ಒಂದು ಪೌಂಡು ನಗದು,
ಉಳಿದದ್ದಕ್ಕೆ ಉಸಿರಿರುವ ತನಕ ಶನಿವಾರದ ಬ್ರೆಡ್ಡು.

ಅಂಟಿನಿಂದ ಕೂಡಿಸಿದ ಅಲ್ಯುಮಿನಿಯಂ ತೊಟ್ಟಿ,
ಮೇಲೆ ಮೊಟ್ಟೆಸಿಪ್ಪೆಯಂಥ ಫೈಬರ್ ಮೈ,
ಬೆನ್ನಿಗೇ ಆನಿಸಿದ ಇಂಜಿನ್.
ಏಳುನೂರ ನಲವತ್ತೆಂಟು ಕಿಲೋ.
ನನಗೆ ಅದೂ ಹೆಚ್ಚೆನಿಸಿತು.

ಬೇಕರಿಯ ತಕ್ಕಡಿ ಗ್ಯಾರೇಜಿಗೆ ಬಂತು.
ಹಿಟ್ಟಿನ ಲೆಕ್ಕದ ಪುಸ್ತಕದಲ್ಲೇ, ಕೊನೆಯ ಹಾಳೆಯಿಂದ ಹಿಂದಕ್ಕೆ, ಬರೆದೆ:
ನೆಲಹಾಸು, ಎರಡು ಕಿಲೋ ಮುನ್ನೂರು.
ರೇಡಿಯೋ ಮತ್ತದರ ಬಾಲ, ಎರಡೂವರೆ.
ಹೀಟರ್ ತೆಗೆದೆ. ಜನವರಿ ಬಂತು. ಹಾಕಿದೆ. ಗೀಟು ಹೊಡೆದೆ.
ಅಂಗೈಯಗಲದ ಹೊಸ ಬ್ಯಾಟರಿ: ಒಂಬತ್ತು ಕಿಲೋ ಹೋಯಿತು,
ಜೊತೆಗೆ ಇನ್ನೂರೈವತ್ತು ಪೌಂಡು.
"ನಿನ್ನ ಬನ್ನು ನೀನೇ ತಿನ್ನದಿದ್ದರೆ
ಇದರಲ್ಲಿ ಅರ್ಧ ಪುಕ್ಕಟೆ ಇಳಿಯುತ್ತಿತ್ತು, ಮೊರ್ವಿದ್,"
ಎಂದ ಮೆಕ್ಯಾನಿಕ್ ತೆಗಿದ್, ನನ್ನದೇ ಬನ್ನು ಜಗಿಯುತ್ತಾ.

ಕಳೆಯುವುದು ಸುಲಭ. ಕಾಪಾಡುವುದು ಬೇರೆ ಕೆಲಸ.
ಈ ದ್ವೀಪದಲ್ಲಿ ಗಾಳಿಗೂ ಉಪ್ಪು;
ಬೋಲ್ಟಿನ ತಲೆ ರಸ್ಕಿನಂತೆ ಪುಡಿಯಾಗುತ್ತದೆ.
ಸಸ್ಪೆನ್ಷನ್ ತೋಳಿನ ಒಂದೇ ಒಂದು ಬೋಲ್ಟಿಗೆ
ಮೂರು ಸಂಜೆ: ಎಣ್ಣೆ, ಬೆಂಕಿ, ಬೈಗುಳ, ಮತ್ತೆ ಎಣ್ಣೆ.
ನಾಲ್ಕನೆಯ ಸಂಜೆ, ಏನೂ ನಡೆದೇ ಇಲ್ಲವೆಂಬಂತೆ, ತಿರುಗಿತು.
ಬ್ರೇಕಿನ ಆಯಿಲ್ ಬಸಿದರೆ ಕಡು ಚಹಾದ ಬಣ್ಣ.
"ಇದನ್ನು ನಂಬಿ ಓಡಿಸಿದೆಯಾ?"
ಅಣ್ಣ ಬ್ರೆಡ್ಡಿನ ಅಂಚು ಮುರಿಯುತ್ತಾ ಕಿಟಕಿ ನೋಡಿದ.

ಎಲ್ಲ ಹೊಸದಾದ ಮೇಲೂ ಒಂದು ಹಟ ಉಳಿಯಿತು.
ಬ್ರೇಕು ಒತ್ತಿದಾಗಲೆಲ್ಲ ಬಲಮುಂದಿನ ಚಕ್ರ
ಉಳಿದ ಮೂರಕ್ಕಿಂತ ಮೊದಲೇ ಕಚ್ಚಿಕೊಂಡು ಚೀರುವುದು.
ತೆಗಿದ್ ನಾಲ್ಕು ಚಕ್ರದಡಿಗೆ ನಾಲ್ಕು ತಕ್ಕಡಿ ಸರಿಸಿದ.
"ಒಳಗೆ ಕೂತುಕೋ. ಖಾಲಿ ಕಾರು ಸುಳ್ಳು ಹೇಳುತ್ತದೆ."
ಕೂತೆ. ಉಸಿರು ಹಿಡಿದೆ. ಅಂಕಿಗಳು ನಿಂತವು.
"ಇದು ಇನ್ನೂ ನಿನ್ನಣ್ಣನನ್ನೇ ಹೊತ್ತಿದೆಯಲ್ಲ!"
ತೊಂಬತ್ತಾರು ಕಿಲೋದ ಮನುಷ್ಯನಿಗೆಂದು ಬಿಗಿದ ಸ್ಪ್ರಿಂಗು
ಐವತ್ತೆಂಟರ ನನ್ನಡಿಯಲ್ಲಿ;
ಹನ್ನೊಂದು ವರ್ಷ ಅವನು ಕೂತ ಕುಳಿ
ಸೀಟಿನಲ್ಲಲ್ಲ, ಉಕ್ಕಿನಲ್ಲಿತ್ತು.

ಕಾಲು ಸುತ್ತು ಇತ್ತ, ಅರ್ಧ ಸುತ್ತು ಅತ್ತ,
ಹೊತ್ತು ಮುಳುಗುವ ಹೊತ್ತಿಗೆ ಕಾರು ಅವನನ್ನು ಇಳಿಸಿತು.

ಏಪ್ರಿಲ್. ಸಮುದ್ರದಂಚಿನ ಟ್ರ್ಯಾಕು.
ಬೆಳಗೆಲ್ಲ ಗೋಡೆಗೊರಗಿ ಸ್ಟಾಪ್‌ವಾಚ್ ಹಿಡಿದವನು
ಮಧ್ಯಾಹ್ನ ಹೆಲ್ಮೆಟ್ ಎರವಲು ತಂದ. "ಒಂದೇ ಸುತ್ತು."
ಇಬ್ಬರು ಮಾರ್ಷಲ್ಲರು ಕಂಕುಳಿಗೆ ಕೈಕೊಟ್ಟು
ಎಡಸೀಟಿಗೆ ಸುರಿದರು, ಹಿಟ್ಟಿನ ಮೂಟೆಯ ಹಾಗೆ.
ಎರಡು ವರ್ಷ ಗ್ರಾಂ ಗ್ರಾಂ ಕೂಡಿಟ್ಟ ಹಗುರ
ಒಂದು ಗುಕ್ಕಿಗೆ ಖರ್ಚು.

ಅವನ ಕಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು,
ನನಗಿಂತ ಮೊದಲು, ಪ್ರತಿ ತಿರುವಿಗೂ ಮೊದಲು.
ಇಳಿಜಾರಿನ ತಿರುವಿನಲ್ಲಿ ಮಾತ್ರ,
ಎದುರಿಗೆ ರಸ್ತೆಯಿಲ್ಲದೆ ಬರೀ ಸಮುದ್ರ ನಿಲ್ಲುವಲ್ಲಿ,
ನಾನು ಒತ್ತಿಯಾಗಿತ್ತು.
ಅವನ ಕಾಲು ಇನ್ನೂ ಸುಮ್ಮನಿತ್ತು.

ಬೆಳಗಿಂದ ಅಲ್ಲಿ ಹೆದರುತ್ತಿದ್ದೆನೆಂದು
ಯಾವ ತಕ್ಕಡಿಯೂ ಹೇಳಿರಲಿಲ್ಲ.

ನಾಲ್ಕು ಸೆಕೆಂಡು ನಷ್ಟ.
ಸಂಜೆ ಕಾರಿನಡಿಗೆ ನೀರು ಬಿಟ್ಟು ಉಪ್ಪು ತೊಳೆದೆ,
ಚಕ್ರದ ಬೋಲ್ಟು ಒಂದೊಂದೂ ಪಾನಾ ಹಾಕಿ ನೋಡಿದೆ, ಟಕ್, ಟಕ್.
ಪುಸ್ತಕ ತೆರೆದರೆ ಕಳೆದದ್ದಕ್ಕಷ್ಟೇ ಕಾಲಂ.
ಅಂಚಿನಲ್ಲಿ ಅಡ್ಡಡ್ಡ ಬರೆದೆ: ಇಯೋಲೊ, ತೊಂಬತ್ತಾರು.

ಗಂಟೆ ಒಂಬತ್ತು. ಎರಡಕ್ಕೆ ಏಳಬೇಕು.