ಡಬ್ಬದ ಮೇಲಿನ ತಾರೀಖು

ಧಕ್ಕೆಯ ಕೋಲ್ಡ್ ಸ್ಟೋರೇಜಿನಲ್ಲಿ ಹಗಲಿಡೀ
ಸಿಗಡಿ ಪೆಟ್ಟಿಗೆಗೆ ತಾರೀಖು ಬರೆಯುವ ಕೈ ಇದು,
ಮನೆಗೆ ಬಂದರೂ ಸುಮ್ಮನಿರುವುದಿಲ್ಲ.
ಮೊಟ್ಟೆ ಗಸಿಯ ಅಗಲ ಡಬ್ಬಕ್ಕೆ
ಪ್ಲಾಸ್ಟರಿನ ತುಂಡೊಂದು ಅಂಟಿಸಿ
ಹುಬ್ಬಿನ ಪೆನ್ಸಿಲಿನಲ್ಲಿ ಬರೆಯುತ್ತದೆ:
ಸೋಮವಾರ, ರಾತ್ರಿ ಎಂಟೂಕಾಲು.

ನಿನ್ನ ಬಸ್ಸಿನ ಕೊನೆಯ ಟ್ರಿಪ್ಪು ಮುಗಿಯುವಾಗ
ನನಗೆ ಅರ್ಧ ನಿದ್ದೆ ಆಗಿರುತ್ತದೆ.
ನಾನು ಹೊರಡುವಾಗ ನೀನು ಗೋಡೆಗೆ ಮುಖ ಮಾಡಿ ಗೊರಕೆ.
ಹಾಗಾಗಿ ಹೇಳಲಿಕ್ಕಿರುವುದನ್ನೆಲ್ಲ
ಡಬ್ಬಕ್ಕೇ ಹೇಳಿ ಇಡುತ್ತೇನೆ.

ಬೇಕಾದಷ್ಟೇ ತೆಗೆ ಪುರಂದರ,
ಉಳಿದದ್ದನ್ನು ಮೇಜಿನ ಮೇಲೆ ಬಿಟ್ಟು ಮಲಗಬೇಡ.
ಗೋಡೆಯೂ ಬೆವರುವ ಸೆಕೆ ಇದು,
ಒಂದು ಗಂಟೆ ಧಾರಾಳ ಸಾಕು.
ಬೇರೆಯದಾದರೆ ಹಳಸಿ ನಾರಿ ಎಚ್ಚರಿಸುತ್ತದೆ;
ಮೊಟ್ಟೆ ಹಾಗಲ್ಲ,
ಕೆಟ್ಟ ಮೇಲೂ ಒಳ್ಳೆಯವರ ಹಾಗೆ ಕೂತಿರುತ್ತದೆ.

ಬಿಸಿ ಎಂದರೆ ಬೆಚ್ಚಗೆ ಅಲ್ಲ.
ಗಸಿ ಗುಳುಗುಳು ಕುದಿಯಬೇಕು,
ಮೊಟ್ಟೆಯ ನಡುವೂ ನಾಲಗೆ ಸುಡಬೇಕು.
ಅದೂ ಒಂದೇ ಸಲ.
ನಿನ್ನ ಅಕ್ಕ ಕೊಟ್ಟ ಓವನ್ನಿಗೆ ಇಡೀ ಮೊಟ್ಟೆ ಇಡಬೇಡ,
ಇಬ್ಭಾಗ ಮಾಡು;
ಕಳೆದ ಸಲ ಸಿಡಿದ ಹಳದಿ
ಇನ್ನೂ ಕ್ಯಾಲೆಂಡರಿನಲ್ಲಿ ಉಂಟು, ಏಕಾದಶಿಯ ಪಕ್ಕ.

ಅತ್ತೆ ನಗುತ್ತಾರೆ:
'ಮಣ್ಣಿನ ಅಳಗೆಯಲ್ಲಿ ಮೂರು ದಿನ ಕುದಿಸಿ ಕುದಿಸಿ
ಉಣ್ಣುತ್ತಿದ್ದೆವು, ಯಾರು ಸತ್ತರು?'
ನಾನು ವಾದಕ್ಕೆ ಹೋಗುವುದಿಲ್ಲ.
ಸತ್ತವರನ್ನು ಯಾರೂ
ಅಳಗೆಯ ಲೆಕ್ಕಕ್ಕೆ ಬರೆದಿಡಲಿಲ್ಲ, ಅಷ್ಟೆ.

ಶುಕ್ರವಾರ ಸಂಜೆ ಬಂದು ನೋಡಿದರೆ
ಡಬ್ಬ ತೊಳೆದು ಬೋರಲು ಹಾಕಿದೆ.
ಪ್ಲಾಸ್ಟರಿನ ತುಂಡು ಫ್ರಿಜ್ಜಿನ ಬಾಗಿಲಿಗೆ ಬಂದಿದೆ.
ನನ್ನ ಸೋಮವಾರದ ಕೆಳಗೆ
ಟಿಕೆಟ್ ಬರೆಯುವ ನೀಲಿ ಪೆನ್ನಿನಲ್ಲಿ,
ಬಸ್ಸು ಕುಲುಕಿದ ಹಾಗಿನ ಅಕ್ಷರ:
'ನಾಲ್ಕು ದಿನ ಆಯ್ತು. ಎರಡು ಮೊಟ್ಟೆ ಬಿಸಾಡಿದೆ.
ಹೋಟೆಲಿನಲ್ಲಿ ಉಣ್ಣುತ್ತಿದ್ದೆ, ಹೇಳಲಿಲ್ಲ. ಬೈಯಬೇಡ.'

ಎರಡು ಮೊಟ್ಟೆ, ಅರೆದ ಅರ್ಧ ತೆಂಗಿನಕಾಯಿ,
ನಿದ್ದೆಗೆಟ್ಟ ನನ್ನ ಸೊಂಟ.
ಲೆಕ್ಕ ಹಾಕುತ್ತಾ ನಿಂತವಳು
ಅದನ್ನೇ ಮೂರು ಸಲ ಓದಿದೆ.
ಮದುವೆಯ ಮೊದಲಿನ ಎರಡು ಕಾಗದ ಬಿಟ್ಟರೆ
ನೀನು ನನಗೆ ಬರೆದದ್ದು ಇದೇ.

ಹೊಸ ತುಂಡು ಹರಿದು ಬರೆದೆ:
ಶುಕ್ರವಾರ, ಒಂಬತ್ತು ಗಂಟೆ. ನೀರುಳ್ಳಿ ಆಮ್ಲೆಟ್, ಎರಡು.
ಇವತ್ತೇ ತಿನ್ನು.
ಬೈಯಲಿಕ್ಕೆ ಉಂಟು, ಆದಿತ್ಯವಾರ.